ಬೋಲ್ಟಿನ ಮೇಲಿನ ಉಗುರುಬಣ್ಣ

ಮುರಗೆಪ್ಪ ಮಾಸ್ತರರು ಯಾರ ಮೇಲೂ ಸುಮ್ಮನೆ ಸಂಶಯ ಪಡುವವರಲ್ಲ. ಪರೀಕ್ಷೆ ಮಾಡಿ, ಆಮೇಲೆ ಪಡುವವರು. ಹಾಲಿನವನು ನೀರು ಬೆರೆಸುತ್ತಾನೆಂದು ಓಣಿಯೆಲ್ಲ ಗೊಣಗುತ್ತಿದ್ದಾಗ ಅವರೊಬ್ಬರೇ ಶಾಲೆಯ ಪ್ರಯೋಗಶಾಲೆಯಿಂದ ಮಾಪಕ ತಂದು, ಏಳು ದಿನ ಅಳೆದು, ಸರಾಸರಿ ತೆಗೆದು, ಎಂಟನೆಯ ದಿನ ಅವನಿಗೆ ಬುದ್ಧಿ ಹೇಳಿದ್ದರು. (ಅವನು ನೀರು ಹಾಕುವುದನ್ನೇನೂ ಬಿಡಲಿಲ್ಲ. ಆದರೆ ಎಷ್ಟು ಹಾಕುತ್ತಾನೆಂಬುದು ಮನೆಯವರಿಗೆ ಶೇಕಡಾವಾರು ಗೊತ್ತಾಯಿತು.)

ಹೀಗಾಗಿ 1992ರ ಫೆಬ್ರುವರಿಯಲ್ಲಿ ಮೆಕ್ಯಾನಿಕ್ ಧೂಳಪ್ಪನ ಮೇಲೆ ಗುಮಾನಿ ಬಂದಾಗಲೂ ಅವರು ಬೈಯಲಿಲ್ಲ, ಜಗಳ ತೆಗೆಯಲಿಲ್ಲ. ಗೋಣಿಚೀಲ ಹಾಸಿಕೊಂಡು ತಮ್ಮ ಕಾರಿನ ಕೆಳಗೆ ತೂರಿದರು.

ಕಾರು ಹಳೆಯ ಫಿಯಾಟ್. ಕರೋಶಿಯ ಹೊಲದ ಕಬ್ಬು ಚೆನ್ನಾಗಿ ಬಂದ ವರ್ಷ ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರಿಂದ ಕೊಂಡದ್ದು. ಬಾಗಿಲು ತೆರೆದರೆ ಇವತ್ತಿಗೂ ತಂಬಾಕಿನ ಘಾಟು ಬರುತ್ತದೆ. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಕಲಿಸುತ್ತಿರುವ ಮಾಸ್ತರರಿಗೆ ಅದು ಕಾರಷ್ಟೇ ಅಲ್ಲ, ನಾಲ್ಕು ಗಾಲಿಯ ಪಾಠ. ಹೆಂಡತಿ ಕಸ್ತೂರೆವ್ವ ಮುಂದಿನ ಸೀಟಿನಲ್ಲಿ ಕೂತರೆ ಬ್ರೇಕು ಒತ್ತಿದಾಗ ಜಡತ್ವದ ನಿಯಮ, ತಿರುವಿನಲ್ಲಿ ಕೇಂದ್ರಾಪಗಾಮಿ ಬಲ. ಅವಳು ಸೆರಗು ಬಾಯಿಗೆ ಹಿಡಿದು ಕೂಡುತ್ತಿದ್ದಳು. ಅದು ವಾಂತಿಗೋ ನಗೆಗೋ ಎಂಬುದನ್ನು ಮಾಸ್ತರರು ಇನ್ನೂ ಪರೀಕ್ಷಿಸಿರಲಿಲ್ಲ.

ಕಾರು ಬಂದ ಹೊಸತರಲ್ಲಿ ಇಂಜಿನ್ನಿನ ಅಡಿಯಿಂದ ಆಗೊಂದು ಈಗೊಂದು ಹನಿ ಆಯಿಲ್ ಬೀಳುತ್ತಿತ್ತು. ಆಯಿಲ್ ನಿಲ್ಲುವ ತಗಡಿನ ಚೇಂಬರಿನ ತಳದಲ್ಲಿ ಒಂದು ಬೋಲ್ಟು ಇದೆ. ಅದನ್ನು ಬಿಚ್ಚಿದರೆ ಹಳೆಯ ಆಯಿಲ್ ಸುರಿದುಹೋಗುತ್ತದೆ, ಬಿಗಿದರೆ ನಿಲ್ಲುತ್ತದೆ. ಮಾಸ್ತರರು ಬೋಲ್ಟು ತಿರುಗಿಸುವ ಪಾನಾದ ಹಿಡಿಕೆಗೆ ಮೂರು ಅಡಿಯ ನೀರಿನ ಪೈಪು ಸಿಕ್ಕಿಸಿ, "ಸನ್ನೆಕೋಲ ಎಷ್ಟ ಉದ್ದ ಇರತೈತೋ ಬಲ ಅಷ್ಟ ಹೆಚ್ಚ" ಎಂದು ಹೆಂಡತಿಗೂ ತಾಯಿಗೂ ವಿವರಿಸುತ್ತ, ಮೈಯ ಭಾರವೆಲ್ಲ ಹಾಕಿ ಆ ಬೋಲ್ಟನ್ನು ಬಿಗಿದಿದ್ದರು. ಅದಾಗಿ ಎರಡೂವರೆ ವರ್ಷ. ಒಂದು ಹನಿ ಸೋರಿರಲಿಲ್ಲ. ಈ ವಿಜಯವನ್ನು ಅವರು ಮೆಕ್ಯಾನಿಕ್ ಧೂಳಪ್ಪನಿಗೂ ಹೋಗಿ ಹೇಳಿ ಬಂದಿದ್ದರು.

ನಿಪ್ಪಾಣಿ ರಸ್ತೆಯ ಪಕ್ಕ ತಗಡಿನ ಶೆಡ್ಡು ಹಾಕಿಕೊಂಡಿದ್ದ ಧೂಳಪ್ಪ ಮೂವತ್ತರ ಆಚೆಯವನು; ಮಾಸ್ತರರ ಹಳೆಯ ವಿದ್ಯಾರ್ಥಿ. ಮೂರು ತಿಂಗಳಿಗೊಮ್ಮೆ ಕಾರು ಅವನಲ್ಲಿಗೆ ಹೋಗಿ, ಆಯಿಲ್ ಬದಲಿಸಿಕೊಂಡು ಬರುತ್ತಿತ್ತು. ಆದರೆ ಕಳೆದ ನವೆಂಬರಿನಲ್ಲಿ ಬದಲಿಸಿದ ಆಯಿಲನ್ನು ಎಂಟು ದಿನಕ್ಕೆ ಅಳತೆಯ ಪಟ್ಟಿ ಎಳೆದು ನೋಡಿದರೆ ಆಗಲೇ ಮಸಿಯ ಹಾಗೆ ಕಪ್ಪು! ಹೊಸ ಆಯಿಲ್ ಎಂಟು ದಿನಕ್ಕೆ ಹೀಗಾಗುವುದುಂಟೆ?

ಅದಕ್ಕೇ ಈ ಗೋಣಿಚೀಲ. ಕಾರನ್ನು ಧೂಳಪ್ಪನಿಗೆ ಒಪ್ಪಿಸುವ ಹಿಂದಿನ ದಿನ ಮಾಸ್ತರರು ಕೆಳಗೆ ಮಲಗಿ ಬೋಲ್ಟಿನ ಸುತ್ತ ಮೆತ್ತಿದ್ದ ಬೂದುಬಣ್ಣದ ಒಣಮಣ್ಣನ್ನು ಬ್ಲೇಡಿನಿಂದ ಕೆರೆದು ಸ್ವಚ್ಛ ಮಾಡಿದರು. ಬೋಲ್ಟಿನ ತಲೆಯಿಂದ ಚೇಂಬರಿನ ಮೈಗೆ ಹಾಯುವಂತೆ ಕೂದಲೆಳೆಯಂಥ ಒಂದು ಕೆಂಪು ಗೆರೆ ಎಳೆದರು. ಬೋಲ್ಟು ಒಂದು ಅಂಶ ತಿರುಗಿದರೂ ಗೆರೆ ತುಂಡಾಗಲೇಬೇಕು. ಗೆರೆಗೆ ಬಣ್ಣ ಸಿಕ್ಕಿದ್ದು ಕೋಣೆಯ ಕನ್ನಡಿಯ ಹಿಂದೆ. ಅದೊಂದು ಉಗುರುಬಣ್ಣದ ಶೀಶೆ. ಕಸ್ತೂರೆವ್ವ ತಂಗಿಯ ಜೊತೆ ನಿಪ್ಪಾಣಿಗೆ ಹೋದಾಗ ಆಸೆಪಟ್ಟು ಕೊಂಡು, ಅತ್ತೆ ಲಕ್ಕವ್ವನ ಎದುರು ಹಚ್ಚಿಕೊಳ್ಳಲು ಧೈರ್ಯ ಸಾಲದೆ ಬಚ್ಚಿಟ್ಟಿದ್ದಳು. ಐವತ್ತು ಸಮೀಪಿಸಿದ ಹೆಂಡತಿಗೆ ಉಗುರುಬಣ್ಣದ ಆಸೆ ಏಕೆ ಎಂಬ ಪ್ರಶ್ನೆ ಮಾಸ್ತರರಿಗೆ ಹೊಳೆಯಲಿಲ್ಲ. ಕೆಂಪು, ಬೇಗ ಒಣಗುತ್ತದೆ, ನೀರಿಗೆ ಹೋಗುವುದಿಲ್ಲ ಎಂಬ ಮೂರು ಗುಣ ಮಾತ್ರ ಹೊಳೆದವು.

ಕಾರು ಹೋಯಿತು, ಬಂತು. "ಆಯಿಲ್ ಬದಲಿ ಮಾಡೇನ್ರಿ ಸರ್ರ" ಎಂದ ಧೂಳಪ್ಪ. ಮಾಸ್ತರರು ಮತ್ತೆ ಕೆಳಗೆ ತೂರಿದರು. ಗೆರೆ ಎಳೆದ ಹಾಗೆಯೇ ಇತ್ತು.

ಅವರ ನೋಟುಪುಸ್ತಕದಲ್ಲಿ ಆ ಪುಟ ಈಗಲೂ ಇದೆ. ವೀಕ್ಷಣೆ, ಒಂದು: ಆಯಿಲ್ ಎಂಟು ದಿನದಲ್ಲಿ ಕಪ್ಪು. ಎರಡು: ಗೆರೆ ತುಂಡಾಗಿಲ್ಲ. ಮೂರನೆಯದು ನಾಲ್ಕು ದಿನ ಬಿಟ್ಟು ಬೇರೆ ಮಸಿಯಲ್ಲಿ ಬರೆದದ್ದು: ಎರಡೂವರೆ ವರ್ಷ ಸೋರದ ಬೋಲ್ಟು ಈಗ ದಿನಕ್ಕೆ ಒಂದು ಹನಿ ಸೋರುತ್ತಿದೆ. ತೀರ್ಮಾನ: ಧೂಳಪ್ಪ ಆಯಿಲ್ ಬದಲಿಸುತ್ತಿಲ್ಲ, ಮೇಲಾಗಿ ಕೆಲಸವೂ ಒರಟು.

ಈ ತೀರ್ಮಾನವನ್ನು ಅವರು ಹೇಳಿದ್ದು ಒಂದೇ ಒಂದು ಸಲ. ಆದರೆ ಹೇಳಿದ್ದು ತಾತ್ಯಾಸಾಹೇಬರ ಅಂಗಡಿಯಲ್ಲಿ.

ತಾತ್ಯಾಸಾಹೇಬರದು ಬೀಜ-ಗೊಬ್ಬರದ ಅಂಗಡಿ. ಅಲ್ಲಿ ಗೊಬ್ಬರಕ್ಕಿಂತ ಮಾತು ಹೆಚ್ಚು ತೂಗುತ್ತದೆ. ಅವರ ಜೀಪಿಗೂ ಧೂಳಪ್ಪನೇ ಮೆಕ್ಯಾನಿಕ್.

"ಕಾಯ್ ಮಾಸ್ತರ, ಗಾಡಿ ಹ್ಯಾಂಗ ಐತಿ?" ಎಂದು ಅವರು ಕೇಳಿದ್ದೇ ತಡ, ಮಾಸ್ತರರು ಗೆರೆಯ ಕಥೆ ಹೇಳಿದರು.

"ಅರೇಚ್ಚಾ! ಧೂಳ್ಯಾ ಹಿಂಗ ಮಾಡ್ತಾನಂದ್ರ?"

"ನಾ ಯಾರಿಗೂ ಏನೂ ಅನ್ನೂದಿಲ್ರಿ. ಗೆರಿ ತುಂಡಾಗಿಲ್ಲ. ಅಷ್ಟ ಹೇಳ್ತೀನಿ."

'ಅಷ್ಟ' ಎಂಬುದು ಆ ಸಂಜೆಯೊಳಗೆ ನಿಪ್ಪಾಣಿ ಮುಟ್ಟಿತು. ಮುಟ್ಟುವಷ್ಟರಲ್ಲಿ ಅದು ಆಯಿಲ್ಲಿನಿಂದ ಡೀಸೆಲ್ಲಿಗೆ, ಡೀಸೆಲ್ಲಿನಿಂದ ಗಾಡಿಯ ಬಿಡಿಭಾಗಗಳಿಗೆ ಬೆಳೆದಿತ್ತು. ಧೂಳಪ್ಪ ಮಾತ್ರ ಸಂತೆಯಲ್ಲಿ ಎದುರಾದಾಗ ಎಂದಿನಂತೆ ಕೈ ಮುಗಿದು, "ಗಾಡಿ ಹ್ಯಾಂಗ ಐತ್ರಿ ಸರ್ರ?" ಎಂದ. ಮಾಸ್ತರರು ಬದನೆಕಾಯಿಯನ್ನು ಬಹಳ ಹೊತ್ತು ಪರೀಕ್ಷಿಸಿದರು.

ಮೇ ತಿಂಗಳು ಬಂತು. ಶಾಲೆಗೆ ಸೂಟಿ. ಕಾರಿಗೆ ಮತ್ತೆ ಆಯಿಲ್ ಬದಲಿಸುವ ಹೊತ್ತು. ಇನ್ನು ಯಾರ ಹಂಗೂ ಬೇಡ, ಮನೆಯಲ್ಲೇ ಮಾಡುವುದೆಂದು ಮಾಸ್ತರರು ನಿಶ್ಚಯಿಸಿದರು. ಕೆಳಗಿನಿಂದ ಬೋಲ್ಟು ಬಿಚ್ಚುವುದು ಮೈಕೈಗೆ ಹೊಲಸು. ಅವರಿಗೆ ಹೊಳೆದ ದಾರಿ ಬೇರೆ. ಇಂಜಿನ್ನಿನ ಮೇಲೆ ಆಯಿಲ್ ನೋಡುವ ಪಟ್ಟಿ ಇಳಿಬಿಡುವ ಸಣ್ಣ ತೂತು ಇದೆಯಲ್ಲ, ಅದರೊಳಗೆ ತೆಳ್ಳನೆಯ ನಳಿಗೆ ಇಳಿಸಿ ಮೇಲಿನಿಂದಲೇ ಹೀರಿಬಿಟ್ಟರೆ? ಹೀರಲು ಪಂಪು ಬೇಕು. ಸೈಕಲ್ ಪಂಪು ಗಾಳಿ ಊದುತ್ತದೆ, ಹೀರುವುದಿಲ್ಲ. ಆದರೆ ಒಳಗಿನ ತೊಗಲಿನ ವಾಶರನ್ನು ಬಿಚ್ಚಿ ತಿರುವಿ ಹಾಕಿದರೆ ಅದೇ ಪಂಪು ಹೀರತೊಡಗುತ್ತದೆ! ಹೊಳೆದ ಕೂಡಲೇ ಮಾಸ್ತರರು ಒಬ್ಬರೇ ನಕ್ಕರು. ಜಗತ್ತಿನಲ್ಲಿ ಬೇರೆ ಯಾರಿಗೂ ಈ ಯೋಚನೆ ಬಂದಿರಲಿಕ್ಕಿಲ್ಲ ಎಂದುಕೊಂಡರು.

ಶನಿವಾರ ಬೆಳಿಗ್ಗೆ ಅಂಗಳದ ಬೇವಿನ ಕೆಳಗೆ ಪ್ರಯೋಗ ಆರಂಭವಾಯಿತು. ಸೋಮವಾರ ಪಾಲಬಾವಿಯಲ್ಲಿ ಕಸ್ತೂರೆವ್ವನ ತಮ್ಮನ ಹೊಸ ಮನೆಯ ವಾಸ್ತುಶಾಂತಿ. ಕಾರಿನಲ್ಲೇ ಹೋಗುವುದೆಂದು ಅವಳು ತವರಿಗೆ ಆಗಲೇ ಕಾಗದ ಬರೆಸಿದ್ದಳು. ಲಕ್ಕವ್ವ ಕಟ್ಟೆಯ ಮೇಲೆ ಕೂತು ತನ್ನ ಬೇಡಿಕೆಯನ್ನು ಮೊದಲೇ ಮಂಡಿಸಿದಳು.

"ಮುರಗ್ಯಾ, ಸುಟ್ಟ ಎಣ್ಣಿ ಚೆಲ್ಲಬ್ಯಾಡೋ. ಹಿತ್ತಲ ಚೌಕಟ್ಟಿಗಿ ವರಲಿ ಹತ್ತೈತಿ, ಹಚ್ಚಾಕ ಬೇಕು."

"ಕೊಡ್ತೀನಬೇ. ಮೂರೂಕಾಲ ಲೀಟರ್ ಬರತೈತಿ, ಎಲ್ಲಾ ನಿನಗ."

ಪಂಪು ಗಾಳಿಯನ್ನು ಒಂದು ಮುಚ್ಚಿದ ಡಬ್ಬಿಯಿಂದ ಎಳೆಯಬೇಕು. ಬರಿದಾದ ಡಬ್ಬಿಯೊಳಗೆ ಆಯಿಲ್ ತಾನಾಗಿ ಓಡಿ ಬರಬೇಕು. ಮಾಸ್ತರರು ಕುಸುಬಿ ಎಣ್ಣೆಯ ಐದು ಲೀಟರಿನ ತಗಡಿನ ಡಬ್ಬಿ ತಂದು, ಮೊದಲು ಡಬ್ಬಿಯನ್ನಷ್ಟೇ ಪರೀಕ್ಷಿಸೋಣವೆಂದು ಬಾಯಿ ಬಿಗಿದು ಇಪ್ಪತ್ತು ಸಲ ಪಂಪು ಎಳೆದರು. ಇಪ್ಪತ್ತೊಂದನೆಯದಕ್ಕೆ ಡಬ್ಬಿ ಧಡಲ್ ಎಂದು ಒಳಕ್ಕೆ ಕುಸಿಯಿತು. ಕಸ್ತೂರೆವ್ವ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಓಡಿಬಂದಳು.

"ಏನಾತ್ರಿ?"

"ನೋಡಿಲ್ಲೆ ಕಸ್ತೂರಿ!" ಮಾಸ್ತರರ ಮುಖ ಅರಳಿತ್ತು. "ಒಂಬತ್ತನೇತ್ತಾ ಪುಸ್ತಕದಾಗಿನ ಪ್ರಯೋಗ! ಒಳಗಿನ ಗಾಳಿ ತಗದ್ರ ಹೊರಗಿನ ಗಾಳಿ ಡಬ್ಬಿ ಹಿಚಕತೈತಿ. ಇಪ್ಪತ್ತಾರ ವರ್ಷ ಕಲಿಸೇನಿ, ಇಷ್ಟ ಚಂದ ಒಮ್ಮಿನೂ ಆಗಿರಲಿಲ್ಲ."

"ಗಾಳಿ ಹಿಚಕಿತೋ ನೀವ ಹಿಚಕಿದ್ರೋ, ನನ್ನ ಡಬ್ಬಿ ಹೋತು."

"ಗಟ್ಟಿ ಪಾತ್ರಿ ಬೇಕು. ಗಾಜಿಂದ ಆದ್ರ ಚಲೋ."

ಇಬ್ಬರ ಕಣ್ಣೂ ಒಮ್ಮೆಲೇ ಬಿಸಿಲಿಗೆ ಒಣಗಲಿಟ್ಟಿದ್ದ ಉಪ್ಪಿನಕಾಯಿಯ ದೊಡ್ಡ ಗಾಜಿನ ಭರಣಿಯ ಕಡೆ ಹೋದವು.

"ಅದಕ್ಕ ಕೈ ಹಚ್ಚೀರಿ ಅಂದ್ರ ನೋಡ್ರಿ! ನಾಳಿಗಿ ಮಾವಿನಕಾಯಿ ಹೋಳು ಹಾಕೂದೈತಿ."

"ಒಂದ ತಾಸಿನ ಮಾತು. ಸಬಕಾರ ಹಚ್ಚಿ ತೊಳದ ಕೊಡ್ತೀನಿ. ಗಾಜು ಯಾವ ವಾಸನಿನೂ ಹಿಡಿಯೂದಿಲ್ಲ, ಇದು ಶಾಸ್ತ್ರ."

"ಈ ಭರಣ್ಯಾಗಿನ ಉಪ್ಪಿನಕಾಯಿ ಆಮ್ಯಾಲ ನೀವೊಬ್ಬರ ತಿನ್ರಿ, ಅದೂ ಶಾಸ್ತ್ರ."

ಭರಣಿ ಬಂತು. ಮುಚ್ಚಳಕ್ಕೆ ಎರಡು ತೂತು, ಸುತ್ತ ಮೇಣ. ಒಂದು ತೂತಿಗೆ ಪಂಪು, ಇನ್ನೊಂದಕ್ಕೆ ಕಂಪೌಂಡರರಿಂದ ಕೇಳಿ ತಂದ ಸಲಾಯಿನ್ ನಳಿಗೆ. ನಳಿಗೆಯ ಉದ್ದ ಸರಿಯಾಗಿ ಅರವತ್ತು ಇಂಚು (ಅಳೆದು ಬರೆದುಕೊಂಡಿದ್ದರು). ಆಯಿಲ್ ಬಿಸಿಯಾದರೆ ತೆಳ್ಳಗಾಗಿ ಬೇಗ ಬರುತ್ತದೆಂದು ಹದಿನೈದು ನಿಮಿಷ ಇಂಜಿನ್ ಚಾಲೂ ಇಟ್ಟು, ಆರಿಸಿ, ಪಟ್ಟಿಯ ತೂತಿನಲ್ಲಿ ನಳಿಗೆ ಇಳಿಸಿದರು. ಪಂಪು ಎಳೆದರು.

ಬಂತು! ಕಪ್ಪನೆಯ ಎಳೆ ನಳಿಗೆಯಲ್ಲಿ ಏರಿ, ಮೇಲೆ ತಿರುಗಿ, ಭರಣಿಯಲ್ಲಿ ಮೊದಲ ಹನಿ ಬಿತ್ತು. ಲಕ್ಕವ್ವ ಕೂಡ ಕಟ್ಟೆಯಿಂದ ಇಳಿದು ಬಂದು, "ಎಮ್ಮಿ ಹಿಂಡಿದಂಗ ಹಿಂಡತಾನಲ್ಲ!" ಎಂದು ಮೆಚ್ಚಿದಳು. ಮಾಸ್ತರರಿಗೆ ಆ ಕ್ಷಣ ಪದವಿ ಪ್ರಮಾಣಪತ್ರವನ್ನು ಮತ್ತೊಮ್ಮೆ ಕೈಗಿತ್ತಂತಾಯಿತು.

ಆರುನೂರೈವತ್ತು ಮಿಲಿಲೀಟರಿಗೆ ಆಯಿಲ್ ನಿಂತಿತು. ಎಷ್ಟು ಎಳೆದರೂ ಬರಲಿಲ್ಲ. ಬಿಸಿ ಆಯಿಲ್ಲಿಗೆ ಪ್ಲಾಸ್ಟಿಕ್ ನಳಿಗೆ ಮೆತ್ತಗಾಗಿ, ಹೀರುವ ರಭಸಕ್ಕೆ ಚಪ್ಪಟೆಯಾಗಿ ಒಳಗೆಲ್ಲೋ ಅಂಟಿಕೊಂಡಿತ್ತು. ಮಾಸ್ತರರು ಮೆಲ್ಲಗೆ ಎಳೆದರು, ಆಮೇಲೆ ಸ್ವಲ್ಪ ಜೋರಾಗಿ. ನಳಿಗೆ ರಬ್ಬರಿನಂತೆ ಹಿಗ್ಗಿ, ಪಟಕ್ ಎಂದು ಕೈಗೆ ಬಂತು. ಅಳೆದರು. ನಲವತ್ತೊಂಬತ್ತೂವರೆ.

ಹತ್ತೂವರೆ ಇಂಚು ಇಂಜಿನ್ನಿನ ಹೊಟ್ಟೆಯಲ್ಲಿತ್ತು.

"ಅಷ್ಟ ಸಣ್ಣದಕ್ಕ ಏನಾಕ್ಕೈತ್ರಿ?" ಎಂದಳು ಕಸ್ತೂರೆವ್ವ.

"ಆಯಿಲ್ ಹೋಗೂ ದಾರ್ಯಾಗ ಸಿಕ್ಕಂಡ್ರ ಇಂಜಿನ್ನ ಹೋತು. ಈಗ ಗಾಡಿ ಚಾಲೂ ಮಾಡಾಕ ಬರೂದಿಲ್ಲ."



"ಧೂಳಪ್ಪನ ಕರಕೊಂಡ ಬರ್ರಿ."

ಮಾಸ್ತರರು ಉಳಿದ ನಳಿಗೆಯನ್ನು ಕೈಗೆ ಸುತ್ತುತ್ತ ಕೂತರು.

"ಅವಂಗ ಮಾರಿ ತೋರಸಾಕ ಆಗೂದಿಲ್ಲ, ಹೌದಿಲ್ಲೋ?"

"ನಿನಗ ಯಾರ ಹೇಳಿದ್ರು?"

"ಯಾರ ಹೇಳಬೇಕು! ಎರಡ ತಿಂಗಳಾತು, ಗಿರಣ್ಯಾಗ ಅಕ್ಕುತಾಯಿ ನನ್ನ ಜೋಡಿ ಮಾತ ಬಿಟ್ಟಾಳ." ಅಕ್ಕುತಾಯಿ ಧೂಳಪ್ಪನ ಹೆಂಡತಿ. "ಮದಲ ನನ್ನ ಹಿಟ್ಟಿನ ಡಬ್ಬಿ ಅಕೀನ ಇಳಿಸಿಕೊಡತಿದ್ಲು. ಈಗ ಮಗ್ಗಲಕ್ಕ ನಿಂತ್ರೂ ಆಕಡೆ ಮಾರಿ ಮಾಡ್ತಾಳ. ತಾತ್ಯಾಸಾಹೇಬರ ಜೀಪು ಹೋತು, ಅದರ ಬೆನ್ನಿಗೆ ಮತ್ತ ನಾಕ ಗಾಡಿ ಹೋದುವಂತ. ನಿಮ್ಮ ಹೆಸರ ಹೇಳೇ ಹೋದುವಂತ."

"ನಾ ಸುಳ್ಳ ಹೇಳಿಲ್ಲ ಕಸ್ತೂರಿ. ಪರೀಕ್ಷಾ ಮಾಡಿ ಹೇಳೇನಿ."

"ಹೌದು. ಅವನ್ನ ಒಮ್ಮಿ ಕೇಳಿದ್ರ್ಯಾ?"

ಮಾಸ್ತರರ ನೋಟುಪುಸ್ತಕದಲ್ಲಿ ವೀಕ್ಷಣೆಗೆ ಜಾಗವಿತ್ತು, ಪ್ರಯೋಗಕ್ಕೆ ಇತ್ತು, ತೀರ್ಮಾನಕ್ಕಂತೂ ಅರ್ಧ ಪುಟವಿತ್ತು. ಧೂಳಪ್ಪನನ್ನು ಕೇಳಲು ಅವರು ಒಂದು ಸಾಲೂ ಬಿಟ್ಟಿರಲಿಲ್ಲ.

ಸೈಕಲ್ಲಿಗೆ ಗಾಳಿ ಕಡಿಮೆ ಇತ್ತು. ಪಂಪು ಈಗ ಹೀರುವ ಪಂಪಾಗಿದ್ದರಿಂದ ಮಾಸ್ತರರು ನಡೆದೇ ಹೋದರು.

ದಾರಿಯಲ್ಲಿ ಒಂದು ವಾಕ್ಯ ತಯಾರು ಮಾಡಿಕೊಂಡರು. ಅದರಲ್ಲಿ ಒಂದು 'ಒಂದು ವೇಳೆ', ಎರಡು 'ಆದರೂ', ಒಂದು 'ಅಪಾರ್ಥ' ಇದ್ದವು. ಯಾವಾಗ ಹೋದರೂ ನಾಲ್ಕು ಗಾಡಿ ನಿಂತಿರುತ್ತಿದ್ದ ಶೆಡ್ಡಿನ ಮುಂದೆ ಅವತ್ತು ಒಂದು ಟ್ರಾಲಿಯ ಗಾಲಿ ಮಾತ್ರ ಒರಗಿತ್ತು. ಧೂಳಪ್ಪ ಹೊಳೆಯುವ ಪಾನಾಗಳನ್ನೇ ಮತ್ತೆ ಒರೆಸುತ್ತಿದ್ದ. ಅದನ್ನು ನೋಡಿ ಮಾಸ್ತರರಿಗೆ ಆ ವಾಕ್ಯ ಮರೆತೇಹೋಯಿತು.

"ಬರ್ರಿ ಸರ್ರ," ಎಂದು ಧೂಳಪ್ಪ ಎದ್ದ. "ಗಾಡಿಗಿ ಏನಾತ್ರಿ?"

ಅಂಗಳಕ್ಕೆ ಬಂದು ಕುಸಿದ ಡಬ್ಬಿ, ಭರಣಿ, ನಳಿಗೆ, ಪಂಪು ಎಲ್ಲವನ್ನೂ ಧೂಳಪ್ಪ ಒಮ್ಮೆ ನೋಡಿದ. "ಮದಲ ಉಳದ ಆಯಿಲ್ ತಗೀಬೇಕ್ರಿ," ಎಂದು ತನ್ನ ಚೀಲಕ್ಕೆ ಕೈ ಹಾಕಿದ. ಹೊರಬಂದದ್ದು ಒಂದು ಸೈಕಲ್ ಪಂಪು, ಗಟ್ಟಿ ಡಬ್ಬಿ, ಗೋದಿಯ ಕಾಂಡದಷ್ಟು ತೆಳ್ಳನೆಯ ತಾಮ್ರದ ಕೊಳವೆ. ಕೊಳವೆಯ ಮೇಲೆ ಮೂರು ಕಡೆ ಮೂರು ಬಣ್ಣದ ದಾರ ಕಟ್ಟಿತ್ತು. ಧೂಳಪ್ಪ ಅದನ್ನು ಪಟ್ಟಿಯ ತೂತಿನಲ್ಲಿ ಇಳಿಸಿ, ನೀಲಿ ದಾರ ತೂತಿನ ಬಾಯಿಗೆ ಮುಟ್ಟಿದೊಡನೆ ನಿಲ್ಲಿಸಿದ.

"ಇದ್ಯಾವ ದಾರ ಧೂಳಪ್ಪಾ?" ಎಂದು ಮಾಸ್ತರರು ಕೇಳಿದರು.

"ಗುರ್ತರಿ. ಕೆಂಪಂದು ಜೀಪಿಂದು, ಹಳದಿದು ಅಂಬಾಸಿಡರಿಂದು. ನೀಲಿ ನಿಮ್ಮ ಗಾಡಿದು. ಇಲ್ಲೀತನಕ ಇಳಿಸಿದ್ರ ತಳಾ ಮುಟ್ಟತೈತಿ."

"ಅಂದ್ರ ನೀ ಮದಲಿಂದ..."

"ಎರಡೂವರಿ ವರ್ಷಾತ್ರಿ, ನಿಮ್ಮ ಗಾಡಿದು ಮ್ಯಾಲಿಂದನ ಎಳೀತೀನಿ. ಅದರ ಸಲುವಾಗೇ ಮಾಡಿದ್ದಿದು. ಆಮ್ಯಾಲ ಹಗೂರ ಆಕ್ಕೈತಂತ ಉಳದ ಗಾಡಿಗೂ ಚಾಲೂ ಮಾಡಿದ್ನಿ."

"ಬೋಲ್ಟ್ ಯಾಕ ಬಿಚ್ಚೂದಿಲ್ಲ?"

ಧೂಳಪ್ಪ ಬೇವಿನ ಮರ ನೋಡಿದ, ಕಸ್ತೂರೆವ್ವನನ್ನು ನೋಡಿದ. "ಅದರ ಆಟೆ ಹೋಗ್ಯಾವ್ರಿ. ತಿರುಪಿನ ಎಳಿ ಪೂರಾ ಸವದೈತಿ. ಬಿಚ್ಚಿದ್ರ ತಿರುಗಿ ಕೂಡೂದಿಲ್ಲ. ಯಾರೋ ಭಾಳ ಜೋರಲೆ ಬಿಗದಾರ."

"ಯಾರ?" ಎಂದು ಮಾಸ್ತರರು ಕೇಳಿಯೇಬಿಟ್ಟರು. (ಕೇಳಿದ ಮೇಲೆ ಕೇಳಬಾರದಿತ್ತು ಎನಿಸಿತು.)

"ಯಾರಂದ್ರ?" ಲಕ್ಕವ್ವ ಕಟ್ಟೆಯಿಂದ ಎಂದಳು. "ಅವತ್ತ ನೀರಿನ ಪೈಪ ಹಾಕಿ ಬೀಸೂಕಲ್ಲ ತಿರಿವಿದಂಗ ತಿರಿವಿದವ ನೀನ ಅಲ್ಲನೋ?"

ಮಾಸ್ತರರು ಪಾನಾ ಇಡುವ ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂತರು. "ನನಗ ಹೇಳಬಾರದೇನೋ ಧೂಳಪ್ಪಾ?"

"ಹ್ಯಾಂಗ ಹೇಳೂದ್ರಿ ಸರ್ರ? ಸನ್ನೆಕೋಲಿನ ನಿಯಮದಂಗ ಬಿಗದೇನಿ, ಹನಿ ಬೀಳೂದಿಲ್ಲ ಅಂತ ನೀವ ಶೆಡ್ಡಿಗಿ ಬಂದ ಎಷ್ಟ ಖುಷಿಲೆ ಹೇಳಿದ್ರಿ. ಅದಕ್ಕ ನಾನೂ ಹನಿ ಬೀಳಬಾರದಂತ ಸುತ್ತ ಬೂದಿಬಣ್ಣದ ಎಂಸೀಲ್ ಮೆತ್ತಿ ಮುಚ್ಚಿದ್ನಿ. ಮ್ಯಾಲಿಂದ ಎಳದ್ರ ತಳದಾಗ ಅರ್ಧಾ ಲೀಟರ್ ಹಳೇದು ಉಳೀತೈತಿ, ಹೊಸಾದು ಲಗೂ ಕಪ್ಪ ಆಕ್ಕೈತಿ. ಆದ್ರ ಇಂಜಿನ್ನಿಗಿ ಧೋಕಾ ಇಲ್ಲ."

ಮಾತಿಗೊಂದರಂತೆ ನೋಟುಪುಸ್ತಕದ ವೀಕ್ಷಣೆಗಳು ಉರುಳಿದವು. ಮೂರೂ ನಿಜವೇ ಆಗಿದ್ದವು, ಅದೇ ವಿಚಿತ್ರ. ಮೂರು ನಿಜ ಸೇರಿ ಒಂದು ಸುಳ್ಳಾಗಬಹುದೆಂದು ಅವರು ಇಪ್ಪತ್ತಾರು ವರ್ಷದಲ್ಲಿ ಯಾವ ತರಗತಿಗೂ ಕಲಿಸಿರಲಿಲ್ಲ.

ಆಯಿಲ್ ತೆಗೆದು ಧೂಳಪ್ಪ ಕಾರಿನ ಕೆಳಗೆ ತೂರಿದ. ಹತ್ತೂವರೆ ಇಂಚು ಹೊರಬರಬೇಕಾದರೆ ಇಡೀ ಚೇಂಬರನ್ನೇ ಇಳಿಸಬೇಕಿತ್ತು. ಒಳಗಿನಿಂದ ಅವನ ದನಿ ಬಂತು.

"ಸರ್ರ, ನಾ ಹಚ್ಚಿದ ಎಂಸೀಲ್ ಯಾರೋ ಬ್ಲೇಡಲೆ ಕೆರದಾರ್ರಿ. ಅದಕ್ಕ ಸೋರಾಕತ್ತೈತಿ." ಸ್ವಲ್ಪ ತಡೆದು, "ಕೆರದ ಮ್ಯಾಲ ಉಗುರಿನ ಬಣ್ಣಾ ಹಚ್ಯಾರ."

ಕಸ್ತೂರೆವ್ವ ಗಂಡನನ್ನು ನೋಡಿದಳು. ಕಾರಿನ ತಳವನ್ನು ನೋಡಿದಳು. ಆಮೇಲೆ ಸೀದಾ ಕೋಣೆಗೆ ಹೋಗಿ ಕನ್ನಡಿಯ ಹಿಂದಿನ ಶೀಶೆ ತಂದು ಬೆಳಕಿಗೆ ಹಿಡಿದಳು.

"ಅಂತೇನಿ! ಮುಚ್ಚಳ ಯಾಕ ವಾರಿ ಕುಂತೈತಿ ಅಂತ!"

"ಅದೇನ ಬೇ ಅದು?" ಎಂದಳು ಲಕ್ಕವ್ವ.

ಈಗ ಬೆವರುವ ಸರದಿ ಕಸ್ತೂರೆವ್ವನದು. ಎರಡು ವರ್ಷ ಬಚ್ಚಿಟ್ಟ ಗುಟ್ಟು ಮೆಕ್ಯಾನಿಕ್ಕನ ಎದುರು ಬಯಲಾಗಿತ್ತು. ಲಕ್ಕವ್ವ ಶೀಶೆಯನ್ನು ಕೈಗೆ ತೆಗೆದುಕೊಂಡು ತಿರುವಿ ತಿರುವಿ ನೋಡಿದಳು.

"ಗಾಡಿ ಬುಡಕ ಹಚ್ಚೂ ಬದಲಿ ಕೈಗಿ ಹಚ್ಕೊಂಡಿದ್ರ ಆಗತಿರಲಿಲ್ಲನ ಹುಚ್ಚಿ?" ಎಂದು ಸೊಸೆಯ ಕೈಗೆ ತಿರುಗಿ ಕೊಟ್ಟಳು. "ನಾ ಏನ ಹುಲಿ ಏನ?"

ಧೂಳಪ್ಪ ಚೇಂಬರನ್ನೂ ಅದರೊಳಗಿದ್ದ ನಳಿಗೆಯ ತುಂಡನ್ನೂ ಹೊರತಂದಿಟ್ಟು ಕೈ ಒರೆಸಿಕೊಳ್ಳುವಾಗ ಮಾಸ್ತರರು ಅವನ ಪಂಪು ಎತ್ತಿ ನೋಡುತ್ತಿದ್ದರು. ವಾಶರ್ ತಿರುವಿ ಹಾಕಿತ್ತು.

"ಇದ ಎಲ್ಲಿ ಕಲತಿ?"

"ನಿಮ್ಮ ಹತ್ರಾನ್ರಿ. ಒಂಬತ್ತನೇತ್ತ್ಯಾಗ ನೀವ ಹೇಳಿದ್ರೆಲ್ಲ, ವಾಶರ ಹಿಂದ ಮುಂದ ಮಾಡಿದ್ರ ಪಂಪ ಎಳೀತೈತಿ ಅಂತ. ಆರ ತಿಂಗಳ ಪರೀಕ್ಷಾದಾಗೂ ಕೇಳಿದ್ರಿ." ಧೂಳಪ್ಪ ಮೊದಲ ಸಲ ನಕ್ಕ. "ನನಗ ಎರಡಕ್ಕ ಅರ್ಧಾ ಮಾರ್ಕ್ ಕೊಟ್ಟಿದ್ರಿ. ಚಿತ್ರ ಸ್ವಚ್ಛ ಇಲ್ಲ ಅಂತ."

ಮಾಸ್ತರರು ಪಂಪು ಕೆಳಗಿಟ್ಟರು. "ತಪ್ಪಾತು ಧೂಳಪ್ಪಾ," ಎಂದರು. ತಯಾರು ಮಾಡಿದ ವಾಕ್ಯದಲ್ಲಿ ಈ ಎರಡು ಮಾತು ಇರಲೇ ಇಲ್ಲ.

"ಇರ್ಲಿ ಬಿಡ್ರಿ." ಧೂಳಪ್ಪ ಪಾನಾಗಳನ್ನು ಚೀಲಕ್ಕೆ ತುಂಬಿದ. ಚೀಲದ ಬಾಯಿ ಕಟ್ಟಿದ ಮೇಲೆ ತಲೆ ತಗ್ಗಿಸಿಯೇ ಹೇಳಿದ: "ನೀವ ಶೆಡ್ಡಿಗಿ ಬಂದ ನನಗ ನಾಕ ಬೈದಿದ್ರ ನಡೀತಿತ್ರಿ ಸರ್ರ. ತಾತ್ಯಾಸಾಹೇಬರ ಅಂಗಡ್ಯಾಗ ಹೇಳಬಾರದಿತ್ತು."

ಚೇಂಬರಿಗೆ ಹೊಸ ಆಟೆ ಹೊಡೆಸಲು ನಿಪ್ಪಾಣಿಯ ಲೇತ್ ಅಂಗಡಿಗೆ ಒಯ್ಯಬೇಕಿತ್ತು, ಮಂಗಳವಾರದ ಮಾತು. ಪಾಲಬಾವಿಗೆ ಕೆಂಪು ಬಸ್ಸಿನಲ್ಲೇ ಹೋದರು. ಕೂಡಲು ಜಾಗ ಸಿಗಲಿಲ್ಲ. ಮೇಲಿನ ಕಂಬಿ ಹಿಡಿದ ಕಸ್ತೂರೆವ್ವನ ಹತ್ತೂ ಉಗುರು ಕೆಂಪಗೆ ಹೊಳೆಯುತ್ತಿದ್ದವು. ಬಸ್ಸು ತಿರುವಿನಲ್ಲಿ ವಾಲಿದಾಗ ಮಾಸ್ತರರು ಕೇಂದ್ರಾಪಗಾಮಿ ಬಲದ ಬಗ್ಗೆ ಏನೂ ಹೇಳಲಿಲ್ಲ. ಆ ಉಗುರುಗಳನ್ನೇ ನೋಡುತ್ತಿದ್ದರು.

ಬುಧವಾರ ಅವರು ತಾತ್ಯಾಸಾಹೇಬರ ಅಂಗಡಿಗೆ ಹೋಗಿ, ಧೂಳಪ್ಪ ಪ್ರಾಮಾಣಿಕನೆಂದೂ ತಮ್ಮ ತೀರ್ಮಾನ ತಪ್ಪೆಂದೂ ಸ್ಪಷ್ಟವಾಗಿ ಹೇಳಿದರು. "ಬರ್ರಿ, ಛಾ ಕುಡೀರಿ" ಎಂದರು ತಾತ್ಯಾಸಾಹೇಬರು. ಮಾಸ್ತರರು ಅದೇ ಮಾತನ್ನು ಸಂತೆಯಲ್ಲಿ, ಪೋಸ್ಟಿನಲ್ಲಿ, ಗಿರಣಿಯಲ್ಲಿ, ಹೀಗೆ ಹನ್ನೊಂದು ಕಡೆ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಒಂದು ಸಲ ಹೇಳಿದ ದೂರು ಸಂಜೆಯೊಳಗೆ ನಿಪ್ಪಾಣಿ ಮುಟ್ಟಿತ್ತು. ಹನ್ನೊಂದು ಸಲ ಹೇಳಿದ ತಿದ್ದುಪಡಿ ವಾರವಾದರೂ ಬಸ್ ಸ್ಟ್ಯಾಂಡು ದಾಟಲಿಲ್ಲ. ಧೂಳಪ್ಪನ ಶೆಡ್ಡಿನ ಮುಂದೆ ಇನ್ನೂ ಅದೇ ಟ್ರಾಲಿಯ ಗಾಲಿ.

ಎಂಟನೆಯ ದಿನ ಮಾಸ್ತರರು ವಿಧಾನ ಬದಲಿಸಿದರು. ಕುಸಿದ ಡಬ್ಬಿಯನ್ನೂ ಹತ್ತೂವರೆ ಇಂಚಿನ ತುಂಡನ್ನೂ ಚೀಲದಲ್ಲಿ ಹಾಕಿಕೊಂಡು ತಾತ್ಯಾಸಾಹೇಬರ ಅಂಗಡಿಗೆ ಹೋದರು. ಮೂರು ಅಡಿಯ ಪೈಪು, ಹೆಂಡತಿಯ ಉಗುರುಬಣ್ಣ, ಉಪ್ಪಿನಕಾಯಿಯ ಭರಣಿ, ಅರ್ಧ ಮಾರ್ಕು ಯಾವುದನ್ನೂ ಬಿಡದೆ, ಕಾರಿನ ಕೆಳಗೆ ತಾವು ಹೇಗೆ ತೂರಿದರೆಂಬುದನ್ನು ಗೊಬ್ಬರದ ಚೀಲಗಳ ನಡುವೆ ಮಲಗಿ ತೋರಿಸಿ ಹೇಳಿದರು. ತಾತ್ಯಾಸಾಹೇಬರು ನಕ್ಕು ನಕ್ಕು ತಕ್ಕಡಿ ಹಿಡಿದು ನಿಂತರು. ಅಂಗಡಿಗೆ ಬಂದ ಗಿರಾಕಿಗಳು ಬೀಜ ಕೊಳ್ಳುವುದನ್ನೇ ಮರೆತರು.

ಅವತ್ತಿನ ಸಂಜೆಯೇ ಕಥೆ ನಿಪ್ಪಾಣಿಯಲ್ಲಿತ್ತು. ಮರುದಿನ ರಾಯಬಾಗ, ಅಥಣಿ. ಕಥೆ ಹೋದಲ್ಲೆಲ್ಲ ಅದರ ಬಾಲ ಹಿಡಿದು 'ನೀಲಿ ದಾರದ ಧೂಳಪ್ಪ'ನ ಹೆಸರೂ ಹೋಯಿತು. ತಿಂಗಳೊಳಗೆ ಶೆಡ್ಡಿನ ಮುಂದೆ ಐದು ಗಾಡಿ. ತಾಮ್ರದ ಕೊಳವೆಗೆ ಕಟ್ಟಲು ಬಣ್ಣಗಳು ಮುಗಿದು ಧೂಳಪ್ಪ ಜರಿಯ ಎಳೆ ಕಟ್ಟತೊಡಗಿದ. ಗಿರಣಿಯಲ್ಲಿ ಅಕ್ಕುತಾಯಿ ಕಸ್ತೂರೆವ್ವನ ಡಬ್ಬಿ ಮತ್ತೆ ಇಳಿಸಿಕೊಟ್ಟಳು, ಉಗುರು ನೋಡಿ, "ಯಾವ ಅಂಗಡ್ಯಾಗ ತಗೊಂಡ್ರಿ ಅಕ್ಕಾರ?" ಎಂದಳು. ಮಾಸ್ತರರಿಗೆ ಮಾತ್ರ ಇಂದಿಗೂ ಬಸ್ಸಿನಲ್ಲಿ ಗುರುತಿಲ್ಲದವರು ಕೂಡ, "ಹತ್ತೂವರಿ ಇಂಚು ಆರಾಮ ಐತ್ರಿ?" ಎಂದು ಕೇಳುತ್ತಾರೆ. ಅವರು "ಆರಾಮ" ಎನ್ನುತ್ತಾರೆ.

ಮನೆಯಲ್ಲಿ ಒಂದು ಬದಲಾವಣೆಯಾಯಿತು. ಪಾನಾ, ಪಂಪು ಇಡುವ ಕಬ್ಬಿಣದ ಪೆಟ್ಟಿಗೆಯ ಮುಚ್ಚಳದಿಂದ ಪೆಟ್ಟಿಗೆಯ ಮೈಗೆ ಹಾಯುವಂತೆ ಕಸ್ತೂರೆವ್ವ ಉಗುರುಬಣ್ಣದಿಂದ ಒಂದು ತೆಳ್ಳನೆಯ ಗೆರೆ ಎಳೆದಳು.

"ನಾನೂ ಏನೂ ಅನ್ನೂದಿಲ್ರಿ," ಎಂದಳು. "ಗೆರಿ ಮಾತ್ರ ನೋಡ್ತೀನಿ."

ಆರು ತಿಂಗಳು ಮಾಸ್ತರರು ಆ ಕಡೆ ಸುಳಿಯಲಿಲ್ಲ. ನವೆಂಬರಿನ ಒಂದು ಭಾನುವಾರ ಕಾರಿನ ಬಾಗಿಲ ಹಿಡಿಕೆ ಸಡಿಲವಾಗಿತ್ತು. ಹೆಂಡತಿ ಗಿರಣಿಗೆ ಹೋಗಿದ್ದಳು. ಮಾಸ್ತರರು ಕನ್ನಡಕ ಏರಿಸಿ ಪೆಟ್ಟಿಗೆಯನ್ನು ಸುತ್ತಲೂ ಪರೀಕ್ಷಿಸಿದರು. ಮುಂದೆ ಗೆರೆ ಇದೆ, ಹಿಂದೆ ಮುಚ್ಚಳ ತಿರುಗುವ ಬಿಜಾಗರಿಯ ಕಡ್ಡಿ ಇದೆ. ಕಡ್ಡಿಯನ್ನು ಮೊಳೆಯಿಂದ ತಟ್ಟಿ ಮೆಲ್ಲಗೆ ಹೊರಗೆಳೆದರೆ ಮುಚ್ಚಳ ಹಿಂದಿನಿಂದ ನಾಲ್ಕು ಬೆರಳು ಏಳುತ್ತದೆ. ಗೆರೆಗೆ ಏನೂ ಆಗುವುದಿಲ್ಲ. ಇಂಥ ದಾರಿ ಅವಳಿಗೆ ಹೊಳೆಯಲು ಸಾಧ್ಯವೇ ಇಲ್ಲ ಎಂದು ಒಬ್ಬರೇ ನಕ್ಕರು.

ಕಡ್ಡಿ ಬಂತು. ಮುಚ್ಚಳ ಎದ್ದಿತು. ಗೆರೆ ತುಂಡಾಗಲಿಲ್ಲ. ಮಾಸ್ತರರು ಕೈ ಒಳಗೆ ಹಾಕಿ ತಡವಿದರು. ಈ ಮೂಲೆ, ಆ ಮೂಲೆ, ನಡುವೆ. ಪೆಟ್ಟಿಗೆ ಖಾಲಿ. ಪಾನಾಗಳೆಲ್ಲ ಆರು ತಿಂಗಳಿಂದ ಧೂಳಪ್ಪನ ಶೆಡ್ಡಿನಲ್ಲಿದ್ದವು. ಕಸ್ತೂರೆವ್ವ ಮೊದಲು ಎಲ್ಲವನ್ನೂ ಅವನಿಗೆ ಕಳಿಸಿ, ಆಮೇಲೆ ಗೆರೆ ಎಳೆದಿದ್ದಳು.

ಬೆರಳಿಗೆ ಸಿಕ್ಕಿದ್ದು ಒಂದೇ ಒಂದು ವಸ್ತು, ಸುರುಳಿ ಸುತ್ತಿ ದಾರ ಕಟ್ಟಿ ಇಟ್ಟ ನಳಿಗೆಯ ತುಂಡು. ಅಳೆಯುವ ಅಗತ್ಯವಿರಲಿಲ್ಲ. ಆದರೂ ಅವರು ಅಳೆದರು.